ಲೋಬಾನದ ಹೊಗೆ

ಕೃಷ್ಣಮ್ಮ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಆಸ್ಪತ್ರೆಯ ಚೀಟಿಗೆ ಕೇಳಲಿ, ರೇಷನ್ ಅಂಗಡಿಯಲ್ಲಿ ಕೇಳಲಿ, "ಶಿವನ ಹೆಸ್ರು ಕಣಪ್ಪ, ಮುಂದೆ ಪುಟ್ಟ ಅಂತ ಸೇರಿಸ್ಕೊ" ಎಂದು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಹೆಸರು ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಅಂತ ಅವಳವ್ವ ಹೇಳಿಕೊಟ್ಟಿದ್ದು. ಅವ್ವ ಹೇಳಿಕೊಟ್ಟ ಬೇರೆ ಎಷ್ಟೋ ಮಾತನ್ನು ಗಾಳಿಗೆ ತೂರಿದ್ದಳು, ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಅಂಥವಳು ಹೋದ ಕಾರ್ತಿಕದಲ್ಲಿ, ಕನಕಪುರದ ಅರ್ಧ ಊರು ಕೂತಿದ್ದ ಪೆಂಡಾಲಿನಲ್ಲಿ ಮೈಕು ಹಿಡಿದು ಆ ಹೆಸರನ್ನು ಪೂರ್ತಿ ಹೇಳಿದಳು. ಸುಮ್ಮಸುಮ್ಮನೆ ಹೇಳುತ್ತಾಳೆಯೇ? ಅದಕ್ಕೆ ಹೊಗೆಗೂಡಿನ ಮಿಲ್ಲಿನ ಕತೆ ಕೇಳಬೇಕು.

ಅರ್ಕಾವತಿಯ ದಂಡೆಯಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ, ಕೆಂಪು ಇಟ್ಟಿಗೆಯ ಹೊಗೆಗೂಡೊಂದು ಈಗಲೂ ನಿಂತಿದೆ. ಅದರ ಬುಡದಲ್ಲಿದ್ದದ್ದು ರೇಷ್ಮೆ ಮಿಲ್ಲು. ಬೋರ್ಡಿನ ಮೇಲೆ ಅದಕ್ಕೊಂದು ಉದ್ದದ ಹೆಸರಿತ್ತು, ಆ ಹೆಸರಿನಿಂದ ಕರೆದವರನ್ನು ನಾವಂತೂ ಕಾಣೆವು. ಕುದಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಹೆಂಗಸರದು. ಬಾಣಲೆಗಳು ಜೋಡಿ ಜೋಡಿ. ಒಬ್ಬಳ ಎಳೆ ಕಡಿದರೆ ಪಕ್ಕದವಳು ತನ್ನ ಎಳೆ ಬಿಡದೆ, ಎಡಗೈಯನ್ನು ಅವಳ ಬಾಣಲೆಗೆ ಹಾಕಿ ತುದಿ ಹುಡುಕಿಕೊಡಬೇಕು. ಬೆರಳು ಬೆಂದರೂ ಕೊಡಬೇಕು. ಕೃಷ್ಣಮ್ಮನ ಜೋಡಿ ತಾಹೇರಾ. ಒಬ್ಬಳ ಮುದ್ದೆಗೆ ಇನ್ನೊಬ್ಬಳ ಸಾರು, ಒಬ್ಬಳ ಬೊಬ್ಬೆಗೆ ಇನ್ನೊಬ್ಬಳ ಕೊಬ್ಬರಿ ಎಣ್ಣೆ. ತಾಹೇರಾಳ ಮೊದಲ ಹೆರಿಗೆಗೆ ಬಿಸಿನೀರು ಕಾಯಿಸಿದ್ದು ಕೃಷ್ಣಮ್ಮ. ಒಡಹುಟ್ಟಿದವರೂ ಅಷ್ಟು ಹೊಂದಿಕೊಂಡು ಇರುವುದಿಲ್ಲ ಬಿಡಿ.

ಅಷ್ಟೂ ಬಾಣಲೆಗೆ ಆವಿ ಕೊಡುತ್ತಿದ್ದದ್ದು ಬಾಯ್ಲರ್, ಅದನ್ನು ನೋಡಿಕೊಳ್ಳುತ್ತಿದ್ದವನು ತಾಹೇರಾಳ ಗಂಡ ಅಮೀರ್‌ಜಾನ್. ಆತನದೊಂದು ಪದ್ಧತಿ. ತಣ್ಣಗಾದ ಬಾಯ್ಲರಿಗೆ ಬೆಂಕಿ ಹಚ್ಚುವಾಗ ಮೊದಲು ಒಲೆಗೆ ಒಂದು ಚಿಟಿಕೆ ಲೋಬಾನದ ಧೂಪ ಹಾಕಬೇಕು, ಆಮೇಲೆ ಸೌದೆ. ಒಮ್ಮೆ ಆತ ರಜೆಯ ಮೇಲೆ ಹೋದಾಗ ಇನ್ನಾರೋ ಲೋಬಾನ ಹಾಕದೆ ಹಚ್ಚಿ, ಪೈಪು ಸಿಡಿದು ಇಬ್ಬರ ಮೈ ಬೆಂದಿತ್ತು. ಅವತ್ತಿನಿಂದ ಮಿಲ್ಲಿನ ಹಿಂದೂಗಳಿಗೂ ಮುಸ್ಲಿಮರಿಗೂ ಆ ಚಿಟಿಕೆಯ ಮೇಲೆ ಒಂದೇ ಭಕ್ತಿ. ಬೆಳಗಿನ ಮೊದಲ ಹೊಗೆಯಲ್ಲಿ ಲೋಬಾನದ ಘಮ ಬಂದರೆ, ಅಮೀರ್‌ಜಾನ್ ಬಂದ, ಇವತ್ತಿಗೆ ಭಯವಿಲ್ಲ ಅಂತ ಊರೇ ತಿಳಿಯುತ್ತಿತ್ತು. ಲೋಬಾನದ ಡಬ್ಬಿ ಇರುತ್ತಿದ್ದದ್ದು ಬಾಯ್ಲರ್ ಮನೆಯ ಗೋಡೆಯಲ್ಲಿ, ಒಂದು ಸಡಿಲ ಇಟ್ಟಿಗೆಯ ಹಿಂದೆ. ಬಾಯ್ಲರ್ ಮನೆಯ ಹೊಸ್ತಿಲನ್ನು ಬೇರೆಯವರು ದಾಟುವ ಹಾಗಿರಲಿಲ್ಲವಾದ್ದರಿಂದ ಅದನ್ನು ಕಂಡವರು ಕಡಿಮೆ. ತಾಹೇರಾ ಬಾಣಂತಿಯಾಗಿದ್ದಾಗ ಲೋಬಾನದ ಪೊಟ್ಟಣ ತಲುಪಿಸಲು ಹೋಗಿದ್ದ ಕೃಷ್ಣಮ್ಮ, ಹೊಸ್ತಿಲಾಚೆಯಿಂದ ಒಂದೇ ಸಲ ಕಂಡಿದ್ದಳು.

ಮೂವತ್ತು ವರ್ಷದ ಹಿಂದಿನ ಮಾತು. ಕೈ ಬೆಂದವರ ಕೆಲಸ ಖಾಯಂ ಮಾಡಿ ಅಂತ ಹೆಂಗಸರೆಲ್ಲ ಮುಷ್ಕರ ಕೂತರು. ಆಯುಧಪೂಜೆಯ ದಿನ ಒಬ್ಬೊಬ್ಬರೂ ಬಾಯ್ಲರ್ ಮನೆಯ ಬಾಗಿಲು ಮುಟ್ಟಿ ಆಣೆ ಮಾಡಿದ್ದರು: ನಾವೆಲ್ಲ ಒಪ್ಪುವ ತನಕ ಇದಕ್ಕೆ ಬೆಂಕಿ ಇಲ್ಲ. ಅಮೀರ್‌ಜಾನ್ ಮುಟ್ಟಿದ. ಕೃಷ್ಣಮ್ಮ ಮುಟ್ಟಿದಳು. ಗೂಡು ತೂಕ ಹಾಕುವ ಕಡೆ ಕೆಲಸದಲ್ಲಿದ್ದ ಅವಳ ಗಂಡ ಪುಟ್ಟಲಿಂಗಯ್ಯನೂ ಮುಟ್ಟಿದ. ಮಿಲ್ಲಿನ ಯಜಮಾನರು ಮಣಿಯುವ ಹಂತಕ್ಕೆ ಬಂದಿದ್ದರು, ಅಷ್ಟರಲ್ಲಿ ಒಂದು ಬೆಳಗ್ಗೆ ಹೊಗೆಗೂಡಿನಿಂದ ಹೊಗೆ ಎದ್ದಿತು. ಗೇಟಿನ ಹೊರಗೆ ಕೂತಿದ್ದ ಹೆಂಗಸರು ಕತ್ತೆತ್ತಿ ನೋಡಿದರು. ಕುರಿ ನೋಡಿಕೊಂಡು ಬರುತ್ತೇನೆಂದು ಹಿಂದಿನ ದಿನ ದೊಡ್ಡಆಲಹಳ್ಳಿಗೆ ಹೋಗಿದ್ದ ಪುಟ್ಟಲಿಂಗಯ್ಯ ಆಗ ತಾನೆ ಬಂದು ಹೆಂಡತಿಯ ಪಕ್ಕ ನಿಂತಿದ್ದ. "ಲೋಬಾನದ ವಾಸ್ನೆ ಬತ್ತಾ ಐತೆ, ಒಸಿ ಮೂಸ್ನೋಡು" ಅಂದವನು ಅವನೇ.

ಕೃಷ್ಣಮ್ಮ ಮೂಸಿದಳು. ಎಲ್ಲರೂ ಮೂಸಿದರು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಒಳಗೆ ಕೆಲಸ ಶುರುವಾಗಿದೆ, ಹೊರಗಿದ್ದವರ ಜಾಗ ಹೋಯಿತು ಅಂತ ಅರ್ಧ ಜನ ಗೇಟಿನೊಳಗೆ ಓಡಿದರು, ಅಲ್ಲಿಗೆ ಮುಷ್ಕರ ಮುರಿಯಿತು. ಅಮೀರ್‌ಜಾನ್ ಕುರಾನಿನ ಮೇಲೆ ಕೈಯಿಟ್ಟು, ನಾನಲ್ಲ, ಜ್ವರ ಬಂದು ಮನೆಯಲ್ಲಿ ಮಲಗಿದ್ದೆ ಅಂದ. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಅಂತ ಊರು ನಕ್ಕಿತು. ಹಚ್ಚಿದವರಾರೆಂದು ಯಜಮಾನರು ಬಾಯಿ ಬಿಡಲಿಲ್ಲ, ಅಮೀರ್‌ಜಾನನನ್ನು ಕೆಲಸಕ್ಕೂ ಕರೆಯಲಿಲ್ಲ, ಹೊರಗಿನಿಂದ ಹೊಸಬನನ್ನು ತಂದರು. ಆ ದಿನ ಸಂಜೆ ತಾಹೇರಾ ಕೃಷ್ಣಮ್ಮನ ಬಾಗಿಲಿಗೆ ಬಂದು ಕೂಗಿದಳು. ಕೃಷ್ಣಮ್ಮ ಅಗುಳಿ ಹಾಕಿಕೊಂಡು ಒಳಗೇ ಕೂತಿದ್ದಳು. ಮಕ್ಕಳು ಅಮೀರ್‌ಜಾನನನ್ನು ಕಂಡಲ್ಲೆಲ್ಲ ಮೂಗು ಹಿಡಿದುಕೊಂಡು ಕೆಮ್ಮುವುದು ಆಟವಾಯಿತು. ಕೊನೆಗೆ ಸಂಸಾರ ಕಟ್ಟಿಕೊಂಡು ರಾಮನಗರಕ್ಕೆ ಹೋದ, ಅಲ್ಲೇ ತೀರಿಕೊಂಡ. ಮಿಲ್ಲೂ ಬಹಳ ದಿನ ಉಳಿಯಲಿಲ್ಲ. ಹೆಂಗಸರು ಬರಿಗೈಯಲ್ಲಿ ಮನೆಗೆ ಹೋದರು. ಪುಟ್ಟಲಿಂಗಯ್ಯನಿಗೆ ಮಾತ್ರ ಮುಚ್ಚಿದ ಮಿಲ್ಲಿನ ವಾಚ್‌ಮನ್ ಕೆಲಸ ಸಿಕ್ಕಿತು. ನಿಯತ್ತಿನ ಮನುಷ್ಯ, ಅದಕ್ಕೇ ಇಟ್ಟುಕೊಂಡರು ಅಂತ ಕೃಷ್ಣಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಈಗ ಮಿಲ್ಲನ್ನು ಶಿವಕುಮಾರ್ ಎಂಬವರು ಕೊಂಡು ಕಲ್ಯಾಣಮಂಟಪ ಮಾಡಿದ್ದಾರೆ. ಹೊಗೆಗೂಡನ್ನು ಕೆಡವದೆ ಉಳಿಸಿಕೊಂಡರು, ಅದಕ್ಕೆ ಅವರನ್ನು ಮೆಚ್ಚಬೇಕು. ಗಂಡು ಹೆಣ್ಣು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿಯೇ ಉಳಿಸಿದರು ಅನ್ನುವುದು ಬೇರೆ ಮಾತು. ಊಟದ ಹಾಲ್‌ನ ಗೋಡೆಗೆ ಮಿಲ್ಲಿನ ನೆನಪುಗಳನ್ನು ಬೋರ್ಡು ಮಾಡಿ ಹಾಕೋಣ ಅಂತ ಪದ್ಮಶ್ರೀ ಎಂಬ ಹುಡುಗಿಯನ್ನು ನೇಮಿಸಿದರು. ಪದ್ಮಶ್ರೀ ಊರೂರು ತಿರುಗಿ ಹಳಬರ ಮಾತು ರೆಕಾರ್ಡ್ ಮಾಡಿಕೊಂಡಳು. ಕೃಷ್ಣಮ್ಮನ ಮಾತು ಅವಳಿಗೆ ಬಹಳ ಹಿಡಿಸಿತು. ಕೃಷ್ಣಮ್ಮನ ಫೋಟೋ ಹಾಕಿ, ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆಸಿದಳು: "ನಮ್ಮ ಹೊಟ್ಟೆ ಮೇಲೆ ಹೊಡೆದೋನು ಅಮೀರ್‌ಜಾನ್. ಅವನು ಬೆಂಕಿ ಹಚ್ಚದೆ ಇದ್ದಿದ್ರೆ ನಾವು ಗೆದ್ದಿರ್ತಿದ್ದೋ."

"ಅಜ್ಜಿ, ಉದ್ಘಾಟನೆಗೆ ತಾಹೇರಾ ಅಜ್ಜಿಯೂ ಬರ್ತಾರೆ. ರಾಮನಗರದಲ್ಲಿ ಹುಡುಕಿದೆ" ಎಂದು ಪದ್ಮಶ್ರೀ ಫೋನಿನಲ್ಲಿ ಹೇಳಿದಾಗ ಕೃಷ್ಣಮ್ಮನಿಗೆ ಮೊದಲು ಜೋಡಿ ಬಾಣಲೆ ನೆನಪಾಯಿತು. ಆಮೇಲೆ ಹಳೆಯ ಉರಿ ಎದ್ದಿತು. "ಬರ್ಲಿ ಕಣವ್ವ. ಬಂದು ಗೋಡೆ ಓದ್ಲಿ" ಅಂದಳು.

ಉದ್ಘಾಟನೆಯ ದಿನ ಗಂಡ ಹೆಂಡತಿ ತಾವೀಗ ಇರುವ ದೊಡ್ಡಆಲಹಳ್ಳಿಯಿಂದ ಮೊದಲ ಬಸ್ಸಿಗೇ ಬಂದರು. ಶಿವಕುಮಾರ್ ಅವರಿಗೆ ಹೊಸ ಹುಚ್ಚೊಂದು ಹಿಡಿದಿತ್ತು. ರಿಬ್ಬನ್ ಕತ್ತರಿಸುವ ಹೊತ್ತಿಗೆ ಹೊಗೆಗೂಡಿನಿಂದ ಹೊಗೆ ಬರಬೇಕು. "ನೀರು ಬೇಡ, ಆವಿ ಬೇಡ, ಒಲೆಗೆ ಒಸಿ ಸೌದೆ ಹಾಕಿ ಹೊಗೆ ಎಬ್ಬಿಸಿದ್ರೆ ಸಾಕು. ಡ್ರೋನಲ್ಲಿ ತೆಗೀತಾರೆ" ಅಂದರು. ಬಾಯ್ಲರ್ ಮನೆಗೆ ಮಿಲ್ಲು ಮುಚ್ಚಿದ ದಿನವೇ ಕೋರ್ಟಿನವರು ಬೀಗ ಜಡಿದು ಅರಗು ಒತ್ತಿದ್ದರು. ಉಳಿದ ಕಟ್ಟಡವನ್ನೆಲ್ಲ ಸುಣ್ಣ ಬಣ್ಣ ಮಾಡಿದ ಕಂಟ್ರಾಕ್ಟರ್ ಇದೊಂದನ್ನು ಕೊನೆಗೆ ಅಂತ ಬಿಟ್ಟಿದ್ದ. ಆ ಬೀಗವನ್ನು ಅವತ್ತು ಎಲ್ಲರ ಎದುರಿಗೇ ಸುತ್ತಿಗೆಯಲ್ಲಿ ಹೊಡೆದು ತೆಗೆದರು. ಒಳಗೆ ಬಾವಲಿ ವಾಸನೆ, ಮೊಣಕಾಲುದ್ದ ಧೂಳು.

ಪೆಂಡಾಲಿನ ಹುಡುಗರು ಸೌದೆ ತುಂಬಿ ಕಡ್ಡಿ ಗೀರಿದರು. ಹೊಗೆಯೆಲ್ಲ ತಿರುಗಿ ಅವರ ಮುಖಕ್ಕೇ ಬಂತು. ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಓಡಿ ಬಂದವರನ್ನು ಕಂಡು ಪುಟ್ಟಲಿಂಗಯ್ಯನಿಗೆ ನಗು ತಡೆಯಲಾಗಲಿಲ್ಲ. ಆ ದಿನ ಅವನಿಗೆ ಶಾಲು ಹೊದಿಸಿದ್ದರು, ಮಿಲ್ಲಿನ ಹಿರಿಯ ಅಂತ ಕರೆದಿದ್ದರು. ಹೊಗಳಿದರೆ ಹೊನ್ನಶೂಲಕ್ಕೂ ಏರುವ ಪೈಕಿ ಅವನು.

"ಲೇ, ಅದು ಹಂಗಲ್ಲ ಕಣ್ರಲಾ. ಸರೀರಿ ಅತ್ಲಾಗೆ" ಎಂದು ಪಂಚೆ ಎತ್ತಿ ಕಟ್ಟಿ ಒಳಗೆ ನಡೆದ.

ಕೃಷ್ಣಮ್ಮ ಹೊಸ್ತಿಲಾಚೆ ನಿಂತು ನೋಡುತ್ತಿದ್ದಳು. ಗಂಡ ನೇರ ಒಲೆಯ ಹಿಂಬದಿಗೆ ಹೋಗಿ, ತುಕ್ಕು ಹಿಡಿದ ಕೊಕ್ಕೆಯೊಂದನ್ನು ಎಳೆದು ಹೊಗೆದಾರಿಯ ತಗಡು ತೆರೆದ. ತಿರುಗಿ ಬಾಗಿಲ ಎಡಗಡೆ ಬಂದ. ಮಾತಾಡುತ್ತಲೇ, ಆ ಕಡೆ ತಿರುಗಿಯೂ ನೋಡದೆ, ಎಡಗೈ ಚಾಚಿ ಹೆಗಲೆತ್ತರದ ಇಟ್ಟಿಗೆಯೊಂದನ್ನು ಎಳೆದ. ಅದರ ಹಿಂದೆ ಕೈ ಹಾಕಿದ. ಕಪ್ಪು ಹಿಡಿದ ಡಬ್ಬಿಯೊಂದು ಹೊರಗೆ ಬಂತು. ಮುಚ್ಚಳವನ್ನು ಪಂಚೆಯಂಚಿನಲ್ಲಿ ತಿರುಚಿ ತೆಗೆದು, ಚಿಟಿಕೆ ಹಿಡಿದು ಒಲೆಗೆ ಎಸೆದ.

ಮೂವತ್ತು ವರ್ಷದ ಹಳೆಯ ಲೋಬಾನ. ಆದರೂ ಘಮ ಎದ್ದಿತು. ಹೊಗೆ ಈ ಸಲ ನೆಟ್ಟಗೆ ಮೇಲಕ್ಕೆ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು, ಪದ್ಮಶ್ರೀ ವಿಡಿಯೋ ತೆಗೆದಳು. ಕೃಷ್ಣಮ್ಮ ಇಟ್ಟಿಗೆ ಕಿತ್ತ ತೂತನ್ನೇ ನೋಡಿದಳು. ಬಾಯ್ಲರ್ ಮನೆ ಹೊಸ್ತಿಲು ನಾನು ಹುಟ್ಟಿದಾಗಿನಿಂದ ತುಳಿದೋನಲ್ಲ ಅಂತ ಮುಷ್ಕರ ಮುರಿದ ದಿನ ಅವಳ ತಲೆ ಮೇಲೆ ಕೈಯಿಟ್ಟು ಹೇಳಿದ್ದ ಮನುಷ್ಯ ಅವನು.

ಎಲ್ಲರೂ ಡ್ರೋನ್ ನೋಡಲು ಹೊರಗೆ ಹೋದ ಮೇಲೆ ಅವಳು ಒಳಗೆ ಹೋದಳು.

"ಆ ಡಬ್ಬಿ ಅಲ್ಲೈತೆ ಅಂತ ನಿಂಗೆ ಯಾರು ಹೇಳಿದ್ರು?"

ಪುಟ್ಟಲಿಂಗಯ್ಯ ಕೈಯಲ್ಲಿದ್ದ ಡಬ್ಬಿಯನ್ನು ನೋಡಿಕೊಂಡ. ಅಷ್ಟು ಹೊತ್ತಿಗೆ ಅವನಿಗೂ ತಾನೇನು ಮಾಡಿದೆ ಅಂತ ಹೊಳೆದಿರಬೇಕು. "ವಾಚ್‌ಮನ್ ಆಗಿದ್ದಾಗ ಯಾವಾಗ್ಲೋ ನೋಡಿದ್ದೆ ಕಣಮ್ಮಿ" ಅಂದ.

"ಬೀಗ ಒಡೆದಿದ್ದು ಈಗ. ನಾನೇ ನಿಂತು ನೋಡ್ದೆ."

"ಅಮೀರನೇ ಒಂದಿನ ತೋರಿಸಿದ್ದ."

"ಒಂದ್ ಸುಳ್ಳಿಗೆ ಎಷ್ಟು ಸುಳ್ಳು ಪೋಣಿಸ್ತೀಯ? ಇಲ್ಲಿ ಕಾಲೇ ಇಟ್ಟಿಲ್ಲ ಅಂತ ನನ್ ತಲೆ ಮುಟ್ಟಿದ್ದೆ. ಇವತ್ತು ಕತ್ತೂ ತಿರುಗಿಸ್ದಂಗೆ ಕೈ ಹಾಕ್ದೆ."

ಅವನು ಡಬ್ಬಿಯನ್ನು ಬಾಯ್ಲರಿನ ಮೇಲಿಟ್ಟು ಶಾಲು ಸರಿಮಾಡಿಕೊಂಡ. ಆಮೇಲೆ, ಕುರಿ ಸಂತೆಯ ವಿಷಯ ಹೇಳುವವನ ಹಾಗೆ ಹೇಳಿದ. "ಮ್ಯಾನೇಜರ್ ಕರ್ದಿದ್ರು. ನೀನೊಬ್ಬ ಬೆಂಕಿ ಹಚ್ಚು, ಮಿಲ್ಲು ಇರ್ಲಿ ಹೋಗ್ಲಿ ನಿನ್ ಕೆಲ್ಸಕ್ಕೆ ಮೋಸ ಇಲ್ಲ ಅಂದ್ರು. ತಗಡು ಎಳೆಯೋದು, ಡಬ್ಬಿ ಎಲ್ಲೈತೆ, ಎಲ್ಲಾ ಅವ್ರೇ ತೋರಿಸಿದ್ರು. ನಾನು ಹಚ್ಚಲಿಲ್ಲ ಅಂದಿದ್ರೆ ಇನ್ನೊಬ್ಬ ಹಚ್ತಿದ್ದ. ನೀನೂ ಮಕ್ಕಳೂ ಉಣ್ಣಲಿ ಅಂತ ಮಾಡ್ದೆ."

"ಲೋಬಾನ ಯಾಕೆ ಹಾಕ್ದೆ?"

"ಹಾಕ್ದಂಗೆ ಹಚ್ಚಿದ್ರೆ ಸಿಡಿಯಾಕಿಲ್ವ? ಭಯ ಆಯ್ತು. ನೀನಾದ್ರೂ ಹಾಕ್ತಿರಲಿಲ್ವ?"

ಇದನ್ನು ಕೃಷ್ಣಮ್ಮ ನಂಬಿದಳು. ತಾನಾದರೂ ಹಾಕುತ್ತಿದ್ದಳು, ಆ ಮಿಲ್ಲಿನಲ್ಲಿ ದುಡಿದ ಯಾವ ಪ್ರಾಣಿಯೂ ಲೋಬಾನ ಹಾಕದೆ ಆ ಒಲೆಗೆ ಕಡ್ಡಿ ಗೀರುತ್ತಿರಲಿಲ್ಲ. ಆದರೆ ಇಷ್ಟು ಸಣ್ಣ ಮಾತು ಊರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಘಮ ಬಂತು, ಅಮೀರ್‌ಜಾನ್ ಅಂದರು, ಮುಗಿಯಿತು.

"ಭಯಕ್ಕೆ ಹಾಕ್ದೆ ಸರಿ. ಗೇಟ್ ತಾವ ಬಂದು, ಮೂಸ್ನೋಡು ಅಂತ ನಂಗ್ಯಾಕಂದೆ?"

ಪುಟ್ಟಲಿಂಗಯ್ಯ ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ. "ಹಳೇದೆಲ್ಲ ಯಾಕೀಗ? ಸತ್ತೋನು ಸತ್ತ. ಜನ ಬತ್ತಾವ್ರೆ, ಕಣ್ಣೊರೆಸ್ಕೊ" ಅಂದು ಹೊರಗೆ ಹೋದ.

ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿ. ಒರೆಸಲು ಬಳಸಿದ್ದು ಯಾರ ಕೈ? ಕಟ್ಟಿಕೊಂಡ ಹೆಂಡತಿಯ ಕೈ. ನಿಯತ್ತಿನ ಮನುಷ್ಯ ಅಂತ ಹೇಳಿಕೊಂಡು ತಿರುಗಿದ್ದೆನಲ್ಲ, ಅಂತ ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಅವನ ಕೆಲಸದಿಂದ ಬಂದ ರಾಗಿ, ಬೇಳೆ, ಮಕ್ಕಳ ಮೈಮೇಲಿನ ಬಟ್ಟೆ ಎಲ್ಲವೂ ಕಣ್ಣಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ ಗೋಡೆಯ ಬೋರ್ಡು ನೆನಪಾಯಿತು. ತನ್ನ ಫೋಟೋ, ತನ್ನ ಮಾತು. ಇನ್ನು ಸ್ವಲ್ಪ ಹೊತ್ತಿಗೆ ತಾಹೇರಾ ಬಂದು ಅದರ ಮುಂದೆ ನಿಲ್ಲುತ್ತಾಳೆ.

ಅವಳು ಊಟದ ಹಾಲ್‌ಗೆ ಹೆಚ್ಚುಕಡಿಮೆ ಓಡಿದಳು. ಪದ್ಮಶ್ರೀ ಹೂವಿನ ಹಾರ ಸರಿಮಾಡುತ್ತಿದ್ದಳು.

"ಇದನ್ನ ಇಳಿಸವ್ವ. ಇದು ಸುಳ್ಳು."

"ಅಜ್ಜಿ, ನೀವೇ ಹೇಳಿದ್ದಲ್ವಾ? ರೆಕಾರ್ಡಿಂಗ್ ಇದೆ."

"ನಾನೇ ಹೇಳಿದ್ದು. ನಂಗೆ ಗೊತ್ತಿರ್ಲಿಲ್ಲ."

ಪದ್ಮಶ್ರೀ ಶಿವಕುಮಾರ್ ಅವರನ್ನು ಕೇಳಲು ಹೋದಳು. ಗೋಡೆಯನ್ನು ಖಾಲಿ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಫಂಕ್ಷನ್ ಮುಗಿಯಲಿ, ನಾಳೆ ನೋಡೋಣ ಅಂದರಂತೆ. ಪದ್ಮಶ್ರೀ ತಿರುಗಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಮೊಮ್ಮಗಳು ಸಫೂರಾಳ ತೋಳು ಹಿಡಿದುಕೊಂಡು ತಾಹೇರಾ ಬಾಗಿಲಲ್ಲಿ ನಿಂತಿದ್ದಳು. ಬೆನ್ನು ಬಾಗಿತ್ತು, ಹಲ್ಲು ಹೋಗಿತ್ತು, ಬುರ್ಖಾದಿಂದ ಹೊರಗೆ ಕಂಡ ಕೈಬೆರಳು ಮಾತ್ರ ಹಳೆಯವೇ, ತುದಿಯಲ್ಲಿ ಬೆಂದು ಬಿಳಿಚಿಕೊಂಡವು. ಕೃಷ್ಣಮ್ಮ ಬೋರ್ಡಿಗೆ ಅಡ್ಡ ನಿಂತಳು. ಕುಳ್ಳಿ ಅವಳು, ಎಷ್ಟು ಅಡ್ಡ ನಿಂತರೂ ಅಕ್ಷರ ತಲೆಯ ಮೇಲೆ ಕಾಣುತ್ತಿತ್ತು. ಸಫೂರಾ ಅದನ್ನು ಮೆಲ್ಲಗೆ ಓದಿ ಹೇಳಿದಳು. ತಾಹೇರಾ ಕೇಳಿಸಿಕೊಂಡಳು, ಕೃಷ್ಣಮ್ಮನನ್ನು ನೋಡಿದಳು, ಪೆಂಡಾಲಿನ ಕಡೆ ತಿರುಗಿದಳು. ಹಿಂದೆಯೇ ಹೋಗಿ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸಿತು ಕೃಷ್ಣಮ್ಮನಿಗೆ. ಅಷ್ಟರಲ್ಲಿ ಸಭೆಗೆ ಕರೆ ಬಂತು.

ಭಾಷಣಗಳಾದವು. ಯಾರು ಯಾರೋ ರೇಷ್ಮೆಯನ್ನು ಹೊಗಳಿದರು. ಆಮೇಲೆ ಹಳೆಯ ಕಾರ್ಮಿಕರ ಪರವಾಗಿ ಎರಡು ಮಾತು ಅಂತ ಕೃಷ್ಣಮ್ಮನನ್ನು ಕರೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟಲಿಂಗಯ್ಯ ಅವಳು ಹಾದು ಹೋಗುವಾಗ ಪಿಸುಗುಟ್ಟಿದ. "ಸಂಸಾರದ ಮಾನ ನಿನ್ ಕೈಲೈತೆ."

ಅವಳು ಮೈಕು ಹಿಡಿದಳು.

"ಒಳಗೆ ಗೋಡೆ ಮ್ಯಾಲೆ ನನ್ ಮಾತು ಬರ್ದವ್ರೆ. ಅದು ಸುಳ್ಳು. ಯಾರೂ ನಂಬಬ್ಯಾಡಿ. ಅವತ್ತು ಬಾಯ್ಲರ್‌ಗೆ ಬೆಂಕಿ ಹಚ್ಚಿದ್ದು ಅಮೀರ್‌ಜಾನಣ್ಣ ಅಲ್ಲ." ಬಾಯಿಗೆ ಹೋಗುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು. "ಪುಟ್ಟಲಿಂಗಯ್ಯ. ನನ್ ಗಂಡ ಪುಟ್ಟಲಿಂಗಯ್ಯ. ಅಗೋ, ಶಾಲು ಹೊದ್ಕಂಡು ಮುಂದ್ಲ ಸಾಲಲ್ಲಿ ಕುಂತವ್ನೆ."

ಪೆಂಡಾಲಿನಲ್ಲಿ ಗುಜುಗುಜು ಎದ್ದಿತು. ಮಿಲ್ಲಿನ ಹಳೆಯ ಹೆಂಗಸರು ಕತ್ತು ಚಾಚಿ ಪುಟ್ಟಲಿಂಗಯ್ಯನನ್ನು ನೋಡಿದರು. ಅವನು ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಶಿವಕುಮಾರ್ ಮೈಕಿನವನಿಗೆ ಸನ್ನೆ ಮಾಡಿದರು, ಹಾಡು ಶುರುವಾಯಿತು. ಪದ್ಮಶ್ರೀ ಮಾತ್ರ ಯಾರನ್ನೂ ಕೇಳದೆ ಊಟದ ಹಾಲ್‌ಗೆ ಹೋಗಿ ಬೋರ್ಡನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು.

ಕೃಷ್ಣಮ್ಮ ಜನರನ್ನು ಸರಿಸಿಕೊಂಡು ಗೇಟಿನ ಕಡೆ ಬಂದಳು. ತಾಹೇರಾ ರಾಮನಗರದ ಬಸ್ಸಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಸಫೂರಾ. ಎದೆಯ ಮೇಲಿನ ಕಲ್ಲು ಇಳಿಸಿದವಳ ಹಾಗೆ ಕೃಷ್ಣಮ್ಮ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಕೇಳಿಸ್ಕಂಡೇನೆ, ತಾಹೇರಾ? ಎಲ್ರ ಮುಂದೂ ಹೇಳ್ದೆ. ಇಷ್ಟು ವರ್ಷ ನಂಗೆ ಮೋಸ ಮಾಡ್ಬುಟ್ಟ ಕಣೆ. ನಿಂಗೂ ಮಾಡ್ಬುಟ್ಟ."

ತಾಹೇರಾ ಹೊಗೆಗೂಡಿನ ಕಡೆ ನೋಡುತ್ತಿದ್ದಳು. ಹೊಗೆ ಇನ್ನೂ ತೆಳ್ಳಗೆ ಏಳುತ್ತಿತ್ತು.

"ನಿನ್ ಗಂಡ ನಂಗೆ ಮೋಸ ಮಾಡ್ಲಿಲ್ಲ ಕೃಷ್ಣಮ್ಮ" ಅಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅವ್ನು ಯಾರು ನಂಗೆ? ಅವ್ನು ಮೋಸ ಮಾಡಿದ್ದು ನಿಂಗೆ. ನಂಗೆ ಮಾಡ್ದೋಳು ನೀನು."

ತಾಹೇರಾ ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಊರು ನಂಬಿದ್ದನ್ನ ನಮ್ಮೋರು ತಡ್ಕಂಡ್ರು. ಸಾಯೋ ತನಕ ಒಂದೇ ಮಾತು ಅಂತಿದ್ರು. ಕೃಷ್ಣಮ್ಮ ಒಂದ್ಸಾರಿ ಬಂದು, ಏನಣ್ಣ ನಿಜವಾ ಅಂತ ಕೇಳ್ಬೋದಿತ್ತು ಅಂತ. ನಾನು ನಿನ್ ಬಾಗ್ಲು ಬಡ್ದೆ. ಒಳಗೆ ನಿನ್ ಬಳೆ ಸದ್ದು ಕೇಳ್ತಿತ್ತು."

ಬಾಣಲೆಯ ಮುಂದೆ ಮಾಡುತ್ತಿದ್ದಂತೆ ಕೃಷ್ಣಮ್ಮ, ಬಲಗೈ ತನ್ನ ಮಡಿಲಲ್ಲೇ ಬಿಟ್ಟು, ಎಡಗೈಯನ್ನು ತಾಹೇರಾಳ ಕಡೆ ಚಾಚಿದಳು. ತಾಹೇರಾ ಆ ಕೈಯನ್ನು ನೋಡಿದಳು. ಬೆರಳ ತುದಿಯ ಗುರುತನ್ನೂ ನೋಡಿದಳು. ಅಷ್ಟರಲ್ಲಿ ರಾಮನಗರದ ಬಸ್ಸು ಬಂತು. ಅವಳು ಸಫೂರಾಳ ಹೆಗಲು ಹಿಡಿದು ಎದ್ದು, ಬುರ್ಖಾ ಸಾವರಿಸಿಕೊಂಡು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಆದರೆ ಅವಳು ಹೊರಗೆ ನೋಡಲಿಲ್ಲ.

ಸಂಜೆ ದೊಡ್ಡಆಲಹಳ್ಳಿಯ ಬಸ್ಸು ಬಂತು. ಅಲ್ಲಿಯ ತನಕ ದೂರದಲ್ಲಿ ಒಬ್ಬನೇ ನಿಂತಿದ್ದ ಪುಟ್ಟಲಿಂಗಯ್ಯ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದ. ಮೆಟ್ಟಿಲ ಮೇಲಿಂದ ತಿರುಗಿ, "ಬಾ ಅಮ್ಮಿ, ಹೊತ್ತಾಯ್ತು" ಅಂದ. ತಾಹೇರಾ ಬಿಟ್ಟುಹೋದ ಕಲ್ಲಿನ ಮೇಲೆ ಕೂತಿದ್ದ ಕೃಷ್ಣಮ್ಮ ಏಳಲಿಲ್ಲ.

"ಅಜ್ಜಿ, ನಿಮ್ಮೋರು ಹತ್ತಿ ಆಯ್ತಲ್ಲ, ನೀವು ಬರಾಕಿಲ್ವ?" ಎಂದು ಕಂಡಕ್ಟರ್ ಕೂಗಿದ.

"ಪುಟ್ಟಲಿಂಗಯ್ಯ ಒಬ್ನೇ ಬತ್ತಾನೆ, ನೀವು ಹೊರಡಿ" ಅಂದಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.